"ಕುತೂಹಲಕಾರಿ ಹುಡುಗಿ" ಅಂದ್ರ ಹೊಗಳಿಕೆಯೋ, ದೂರೋ? ನಮ್ಮ ಕಡೆ ಇದಕ್ಕ ಏನಂತೀರಿ?

ಕುಷ್ಟಗಿ ಅಕ್ಕೋರು:
ಎಲ್ಲರಿಗೂ ಶರಣು. ಕುಷ್ಟಗಿ ತಾಲೂಕಿನ ಒಂದು ಹಳ್ಳಿ ಸಾಲಿಯೊಳಗ ನಾಕನೇ ಕ್ಲಾಸಿಗೆ ಕಲಿಸ್ತೀನಿ. ಮೊನ್ನೆ ಪಾಲಕರ ಸಭೆ ಇತ್ತು. ಒಬ್ಬ ಹುಡುಗಿಯ ಪ್ರಗತಿ ಪತ್ರದಾಗ "ಬಹಳ ಕುತೂಹಲಕಾರಿ ಹುಡುಗಿ" ಅಂತ ಬರದಿದ್ದೆ. ಅವ್ವ ಅಪ್ಪ ಗುಳೆ ಹೋಗ್ಯಾರ, ಅದಕ್ಕ ಆಯಿ ಬಂದಿದ್ಲು. "ಏನ್ ಬರದೀರಿ ಓದ್ರಿ" ಅಂದ್ಲು. ಓದಿದೆ. "ಹಂಗಂದ್ರ ಏನ್ರಿ ಅಕ್ಕೋರ?" ಅಂದ್ಲು. "ಎಲ್ಲಾನೂ ಕೇಳ್ತಾಳಮ್ಮಾ, ಯಾಕ, ಹ್ಯಾಂಗ ಅಂತ. ಉತ್ತರ ಸಿಗೂತನಕ ಬಿಡೂದಿಲ್ಲ" ಅಂದೆ.

ಆ ಹಿರಿ ಜೀವದ ಮುಖ ಸಣ್ಣದಾತು. ಸೆರಗು ಬಾಯಿಗೆ ಒತ್ತಿಕೊಂಡು, "ಮನ್ಯಾಗೂ ಹಂಗ ಐತ್ರಿ, ಬಾಳ ಬಾಯಿ. ನೀವು ಸಿಟ್ಟಾಗಬ್ಯಾಡ್ರಿ, ನಾ ಬಿಡಸ್ತೀನಿ" ಅಂದ್ಲು. ಅಯ್ಯೋ ಇದು ಚಲೋ ಗುಣ, ಹೊಗಳೀನಿ ಅಂತ ಎಷ್ಟು ಹೇಳಿದ್ರೂ ನಂಬವಲ್ಲಳು. ಹುಡುಗಿ ಬಾಜೂಕ ನಿಂತು ಕಾಲ್ಬೆರಳಿನಿಂದ ನೆಲ ಕೆರಕೋತ ಇತ್ತು. ಆವತ್ತಿನಿಂದ ಎರಡು ದಿನ ಆತು, ಕ್ಲಾಸಿನಾಗ ಒಂದೂ ಪ್ರಶ್ನೆ ಕೇಳಿಲ್ಲ.

ನನಗ ಎರಡು ವಿಷಯ ತಿಳಿಸ್ರಿ. ಒಂದು, ನಾ ಬರದ ಶಬ್ದ ಸರಿ ಐತೋ ಇಲ್ಲೋ. ಎರಡು, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮನಿ ಮಾತಿನಾಗ ಈ ಗುಣಕ್ಕ ಹೊಗಳಿಕಿ ಆಗುವಂಥ ಶಬ್ದ ಐತೇನು? ನನಗ ನೆನಪಾಗೂವೆಲ್ಲ ಬೈಗುಳನ ಅದಾವು. ಅಧಿಕಪ್ರಸಂಗಿ, ಬಾಯಿಬಡಕಿ, ಊರ ಉಸಾಬರಿ.

ನಿಘಂಟುಪ್ರಿಯ:
ಮೊದಲನೆಯದಕ್ಕೆ ಉತ್ತರ: ಸರಿಯಿಲ್ಲ. "ಕಾರಿ" ಅಂದರೆ ಉಂಟುಮಾಡುವಂಥದ್ದು. ಹಾನಿಕಾರಿ ಹಾನಿ ಮಾಡುತ್ತದೆ, ಪರಿಣಾಮಕಾರಿ ಪರಿಣಾಮ ಬೀರುತ್ತದೆ. ಕುತೂಹಲಕಾರಿ ಅಂದರೆ ನೋಡುವವರಲ್ಲಿ ಕುತೂಹಲ ಹುಟ್ಟಿಸುವುದು. ಕುತೂಹಲಕಾರಿ ಪಂದ್ಯ, ಕುತೂಹಲಕಾರಿ ಘಟನೆ ಸರಿ. ಕುತೂಹಲ ಇರುವ ಮಗು ಕುತೂಹಲಿ. ಇಂಗ್ಲಿಷಿನ ಕ್ಯೂರಿಯಸ್ ಎರಡೂ ಅರ್ಥಕ್ಕೆ ನಡೆಯುತ್ತದೆ, ಅದನ್ನು ನೋಡಿ ನಾವೂ ಒಂದೇ ಶಬ್ದವನ್ನು ಎರಡಕ್ಕೂ ಎಳೆದಿದ್ದೇವೆ. ನೀವು ಬರೆದದ್ದರ ಅರ್ಥ "ಈ ಹುಡುಗಿಯನ್ನು ನೋಡಿದರೆ ಯಾರೀಕೆ ಅನ್ನಿಸುತ್ತದೆ" ಎಂದಾಗುತ್ತದೆ.

ದೇಸಿ ಮಾತು:
ಕುತೂಹಲಿ ಅಂತ ಯಾರ ಬಾಯಾಗರ ಕೇಳೀರೇನ್ರಿ? ನಾ ಹುಟ್ಟಿ ಬೆಳದದ್ದು ಸಿಂಧನೂರು. ಸಂತ್ಯಾಗ, ಬಸ್‌ಸ್ಟ್ಯಾಂಡಿನಾಗ, ಹೊಲದಾಗ ಒಬ್ಬರೂ ಅಂದದ್ದು ಕೇಳಿಲ್ಲ. ಆ ಅಮ್ಮಗ ಕುತೂಹಲಿ ಅಂದಿದ್ರೂ ಅಷ್ಟ, ಕುತೂಹಲಕಾರಿ ಅಂದಿದ್ರೂ ಅಷ್ಟ. ವ್ಯಾಕರಣ ತಿದ್ದಿದ್ರ ಆಕಿ ಮುಖ ಅರಳ್ತಿತ್ತೇನು?

ನಿಘಂಟುಪ್ರಿಯ:
ಅಕ್ಕೋರು ಎರಡು ಪ್ರಶ್ನೆ ಕೇಳಿದ್ದಾರೆ. ನಾನು ಮೊದಲನೆಯದಕ್ಕೆ ಉತ್ತರಿಸಿದೆ. ಪ್ರಗತಿ ಪತ್ರ ನಾಳೆ ಆ ಮಗುವೇ ತೆಗೆದು ಓದುವ ಕಾಗದ. ಅದರಲ್ಲಿ ತಪ್ಪು ಶಬ್ದ ಉಳಿಯಬಾರದು.

ತುಂಗಾ ತೀರ:
ಕೂತುಹಲ ಸರಿಯೋ ಕುತೂಹಲ ಸರಿಯೋ?

ನಿಘಂಟುಪ್ರಿಯ:
ಕುತೂಹಲ. ಕು ಹ್ರಸ್ವ, ತೂ ದೀರ್ಘ.

ಹಳೇ ಪೇಪರ್:
ನಾನು ಬಳ್ಳಾರಿಯಲ್ಲಿ ಹದಿನೈದು ವರ್ಷ ಸುದ್ದಿ ತಿದ್ದೋ ಕೆಲಸ ಮಾಡಿದವನು. ಈ ಶಬ್ದಕ್ಕೆ ನಾವೇ ಹೆಚ್ಚು ಅನ್ಯಾಯ ಮಾಡಿದ್ದೀವಿ. ಚುನಾವಣೆ ಬಂತಂದ್ರೆ "ಕುತೂಹಲ ಕೆರಳಿಸಿದ ಕ್ಷೇತ್ರ". ಹುಣ್ಣು ಕೆರಳ್ತೈತೆ, ಗೂಳಿ ಕೆರಳ್ತೈತೆ, ಸಿಟ್ಟು ಕೆರಳ್ತೈತೆ. ಕುತೂಹಲ ಯಾಕೆ ಕೆರಳಬೇಕು? ಅದು ಮೂಡೋದು, ಹುಟ್ಟೋದು, ಚಿಗುರೋದು. ಆದರೆ ತಲೆಬರಹದ ಜಾಗ ಸಣ್ಣದು, ಟೈಮ್ ಕಡಿಮೆ, ಕೈಗೆ ಸಿಕ್ಕಿದ್ದು ಹಾಕ್ತೀವಿ. ಹಂಗಾಗಿ ಜನರಿಗೆ ಕುತೂಹಲ ಅಂದ್ರೆ ಯಾರು ಗೆಲ್ತಾರೆ ಅನ್ನೋ ಚಡಪಡಿಕೆ ಅಂತಲೇ ಉಳೀತು.

ಎಡದಂಡೆ ರೈತ:
ಹಳೇ ಪೇಪರ್ ಅಣ್ಣಾರ, ನೀವು ಹೇಳಿದ್ದು ಕೇಳಿ ಒಂದು ನೆನಪಾತು, ಹೇಳೇಬಿಡ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಹರದು ಗೇಟು ಕೊಚ್ಚಿಕೊಂಡು ಹೋತಲ್ಲ, 33 ಗೇಟಿನಾಗ ಅದೊಂದು. ನಾನು ಕಾರಟಗಿ ಕಡೆಯವ. ಭತ್ತ ನಾಟಿ ಹಚ್ಚೀನಿ, ಸಾಲ ಮೈಮ್ಯಾಲ ಐತಿ. ಸುದ್ದಿ ಕೇಳಿ ಬೆಳಿಗ್ಗೆ ಬೈಕ್ ತಗೊಂಡು ಮುನಿರಾಬಾದ್ ಕಡೆ ಓಡಿದೆ. ನನ್ನಂಥವರು ಬಾಳ ಮಂದಿ ಬಂದಿದ್ರು. ಒಬ್ಬರೂ ಮಾತಾಡವಲ್ರು. ನೀರು ಹೋಗೂದು ನೋಡ್ತಾ ನಿಂತಿದ್ರು. ನನ್ನ ಬಾಜೂಕ ನಿಂತ ಹಿರೇ ಮನುಷ್ಯಾ ಟವೆಲ್ಲಿನ ತುದಿ ಹಿಂಡಿಕೋತ "ನಮ್ಮ ಕಾಲಿವಿ ನೀರು ಹೊಂಟದ ನೋಡ್ರಿ" ಅಂದ, ಅಷ್ಟ.

ಮರುದಿನ ಫೋನಿನಾಗ ಒಂದು ಸುದ್ದಿ ಬಂತು. "ಕುತೂಹಲದಿಂದ ವೀಕ್ಷಿಸಿದ ಜನಸ್ತೋಮ" ಅಂತ ಬರದಿದ್ರು. ನನ್ನ ಹೊಟ್ಟಿ ಉರೀತು ರೀ. ಕುತೂಹಲ ಜಾತ್ರಿ ನೋಡಾಕ ಹೋದವ್ರಿಗೆ ಇರ್ತದ. ನಮಗಿದ್ದದ್ದು ಜೀವದ ಭಯ. ಒಂದು ವಾರದಾಗ ತಾತ್ಕಾಲಿಕ ಗೇಟು ಕುಂದರಿಸಿದ್ರು, ಬೆಳಿ ಉಳೀತು, ಆದ್ರ ಆ ಶಬ್ದ ನಾ ಇನ್ನೂ ಮರೆತಿಲ್ಲ.

ಹಳೇ ಪೇಪರ್:
ಅಲ್ಲಿ "ಆತಂಕ" ಇರಬೇಕಿತ್ತು. ಬರೆದವನು ಸ್ಥಳಕ್ಕೆ ಹೋಗಿರಲಿಕ್ಕಿಲ್ಲ, ಫೋಟೋ ನೋಡಿ ಬರೆದಿರ್ತಾನೆ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಬೆಂಗಳೂರಲ್ಲಿ ಗಂಗಾವತಿ:
"ಕಾತರದಿಂದ" ಅಂದ್ರೂ ಆಗ್ತಿತ್ತಲ್ಲ?

ಮಾನ್ವಿ ಮಾಸ್ತರ:
ಕಾತರ ಈಗ ನಮ್ಮಲ್ಲಿ ಎದುರು ನೋಡುವ ತವಕಕ್ಕೆ ನಡೀತದ. ಮಗಳು ತವರಿಗೆ ಬರೂ ದಿನ ಅವ್ವಗ ಕಾತರ. ಸಂಸ್ಕೃತದಾಗ ಅದರ ಮೂಲ ಅರ್ಥ ಅಂಜಿಕಿ, ಅಳುಕು. ಆ ಲೆಕ್ಕಕ್ಕ ರೈತಣ್ಣಗ ಕಾತರ ಅಂದ್ರೂ ಸರಿನ. ಆತುರದ ಕಥಿ ಇನ್ನೂ ಚಂದ ಅದ. ಸಂಸ್ಕೃತದಾಗ ಆತುರ ಅಂದ್ರ ರೋಗಿ, ಸಂಕಟದಾಗ ಇರೂವವ. ಸಾಯೂ ಹೊತ್ತಿನಾಗ ತಗೊಳ್ಳೂ ಸನ್ಯಾಸಕ್ಕ ಆತುರ ಸನ್ಯಾಸ ಅನ್ನೋದು ಅದಕ್ಕ. ಕನ್ನಡಕ್ಕ ಬಂದು ಅವಸರ ಆತು. ರಾಯಚೂರು ಕಡೆ ತೆಲುಗು ಮಾತಾಡವ್ರೂ "ಆತ್ರಂ" ಅಂತಾರ, ನಾವೂ "ಆತ್ರ ಬೀಳಬ್ಯಾಡ" ಅಂತೀವಿ.

ಕುತೂಹಲಕ್ಕ ಬರ್ತೀನಿ. ಅಮರಕೋಶದಾಗ "ಕೌತೂಹಲಂ ಕೌತುಕಂ ಚ ಕುತುಕಂ ಚ ಕುತೂಹಲಂ" ಅಂತ ನಾಕೂ ಶಬ್ದ ಒಂದೇ ಸಾಲಿನಾಗ ಕುಂತಾವ, ಒಂದೇ ಅರ್ಥ. ಕನ್ನಡದವ್ರು ಅವನ್ನ ಒಂದೇ ಬುಟ್ಟ್ಯಾಗ ಇಡಲಿಲ್ಲ. ಕುತುಕ ಬಿಟ್ಟೇ ಬಿಟ್ವಿ. ಕೌತುಕ ಕಣ್ಣಿನ ಮುಂದಿನ ಅಚ್ಚರಿಗೆ ಹೋತು. ಕುತೂಹಲ ಇನ್ನೂ ಕಾಣದೇ ಇರೂದನ್ನ ಕಾಣಬೇಕಂಬೂ ಹಂಬಲಕ್ಕ ಉಳೀತು. ಗ್ರಹಣ ಹಿಡದಾಗ ಮ್ಯಾಲ ನೋಡಿ ಬಾಯಿ ತೆರೆಯೋದು ಕೌತುಕ. ಗ್ರಹಣ ಯಾಕ ಹಿಡೀತದ ಅಂತ ಕೇಳೋದು ಕುತೂಹಲ. ಮೂವತ್ತು ವರ್ಷ ಕಲಿಸಿದ ಮ್ಯಾಲೂ ಈ ಭೇದ ನನಗ ರುಚಿ ಅನಸ್ತದ.

ಬೆಳಗಾವಿ ಸೊಸೆ:
ಮಾಸ್ತರ್ರ, ಕೌತುಕಕ್ಕ ಮೂರನೇ ಅರ್ಥಾನೂ ಐತಿ. ನಾನು ಯಲಬುರ್ಗಾದಾಕಿ, ಬೆಳಗಾವಿಗೆ ಕೊಟ್ಟಾರ. ಇಲ್ಲಿ ಮರಾಠಿ ಮಾತಾಡವ್ರು ಕೌತುಕ ಅಂದ್ರ ಮೆಚ್ಚುಗಿ, ಮುದ್ದು ಮಾಡಿ ಹೊಗಳೋದು. ಹೊಸದಾಗಿ ಬಂದಾಗ ಬಾಜೂ ಮನಿಯವ್ರು "ಸೊಸಿದು ಭಾಳ ಕೌತುಕ ಮಾಡ್ತಾರ ಅತ್ತಿ" ಅಂದ್ರು. ನಾ ಏನೋ ವಿಚಿತ್ರ ಮಾಡೀನಿ ಅಂತ ಅಂಜಿ ಮನಿಗೆ ಬಂದು ಅತ್ತಿನ್ನ ಕೇಳಿದೆ!

ಮಾನ್ವಿ ಮಾಸ್ತರ:
ಚಲೋ ಹೇಳಿದಿ ತಂಗಿ. ಮದುವಿಯೊಳಗ ಕೈಗೆ ಕಟ್ಟೂ ಕಂಕಣದ ದಾರಕ್ಕೂ ಸಂಸ್ಕೃತದಾಗ ಕೌತುಕ ಅಂತಾರ. ಒಂದು ಶಬ್ದ ಎಲ್ಲೆಲ್ಲಿ ತಿರಗತದ ನೋಡು.

ಬೆಂಗಳೂರಲ್ಲಿ ಗಂಗಾವತಿ:
2012ರ ಆಗಸ್ಟಿನಲ್ಲಿ ಮಂಗಳ ಗ್ರಹದ ಮೇಲೆ ಇಳಿದ ನಾಸಾದ ರೋವರ್ ಹೆಸರು ಕ್ಯೂರಿಯಾಸಿಟಿ. ಹೆಸರಿಟ್ಟದ್ದು ವಿಜ್ಞಾನಿ ಅಲ್ಲ, ಕನ್ಸಾಸಿನ ಆರನೇ ಕ್ಲಾಸಿನ ಹುಡುಗಿ ಕ್ಲಾರಾ ಮಾ, ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದು. 2009ರಲ್ಲಿ. ಅಕ್ಕೋರ ಪೋಸ್ಟ್ ಓದಿದಾಗಿನಿಂದ ಅದೇ ತಲೆಯಲ್ಲಿ ಓಡ್ತಿದೆ. ಅಲ್ಲಿ ಒಂದು ಹುಡುಗಿ ಆ ಶಬ್ದ ಬರೆದದ್ದಕ್ಕೆ ಅದು ಮಂಗಳಕ್ಕೆ ಹೋಯ್ತು. ಇಲ್ಲಿ ಒಂದು ಹುಡುಗಿಯ ಬಗ್ಗೆ ಆ ಶಬ್ದ ಬರೆದದ್ದಕ್ಕೆ ಬಾಯಿ ಮುಚ್ಚಿಕೊಂಡಿತು.

ದೇಸಿ ಮಾತು:
ಇದು ಹೌದು. ಹುಡುಗ ಆಗಿದ್ರ "ಶ್ಯಾಣ್ಯಾ ಅದಾನ ಬಿಡ್ರಿ" ಅಂತಿದ್ರು. ಹುಡುಗಿ ಕೇಳಿದ್ರ ಬಾಯಿ.

ಬೆಳಗಾವಿ ಸೊಸೆ:
ನೂರಕ್ಕ ನೂರು. ನಮ್ಮಪ್ಪ ರೇಡಿಯೋ ರಿಪೇರಿ ಮಾಡ್ತಿದ್ದ. ಅಣ್ಣ ಬಿಚ್ಚಿದ್ರ "ಕಲೀತಾನ", ನಾ ಬಿಚ್ಚಿದ್ರ "ಕೆಡಸ್ತಾಳ". ಇಬ್ಬರೂ ಬಿಚ್ಚಿದ್ದು ಅದ ರೇಡಿಯೋ.

ರಾಯಚೂರು ಕೋಟೆ:
ನಮ್ಮ ಮನೆ ಮಾತು ಉರ್ದು. ಉರ್ದುವಿನಲ್ಲಿ ಕುತೂಹಲಕ್ಕ ತಜಸ್ಸುಸ್ ಅಂತಾರ. ಜಾಸೂಸ್, ಅಂದ್ರ ಗೂಢಚಾರ, ಅದೂ ಇದೇ ಧಾತುವಿನಿಂದ ಬಂದದ್ದು. ಕುರಾನಿನಲ್ಲಿ ಇದೇ ಧಾತುವಿನ ಕ್ರಿಯಾಪದದಲ್ಲಿ, ಬೇರೆಯವರ ಗುಟ್ಟು ಕೆದಕಬೇಡಿ ಅಂತ ಸ್ಪಷ್ಟವಾಗಿ ಅದ. ಆದ್ರ ಇವತ್ತು ಉರ್ದು ಪುಸ್ತಕಗಳಲ್ಲಿ ತಜಸ್ಸುಸ್ ಅಂದ್ರ ಓದುವ ಮಕ್ಕಳ ಒಳ್ಳೆ ಗುಣ. ಅಂದ್ರ ಅಕ್ಕೋರ ಆ ಅಮ್ಮನ ಅಂಜಿಕೆ ಬರೀ ಕನ್ನಡದ್ದಲ್ಲ. ಏನನ್ನು ಕೆದಕುತ್ತಾರ ಅನ್ನೋದರ ಮೇಲೆ ಶಬ್ದದ ಬಣ್ಣ ಬದಲಾಗ್ತದ. ನಮ್ಮ ದಾದಿ ಭೇದ ಮಾಡ್ತಿದ್ರು: ಮಂದಿ ಮನೆ ಡಬ್ಬಿ ತೆಗೆದು ನೋಡಿದ್ರ ಏಟು, ಗಡಿಯಾರ ತೆಗೆದು ನೋಡಿದ್ರ ಸುಮ್ಮನಿರ್ತಿದ್ರು.

ಎಡದಂಡೆ ರೈತ:
ಅದಕ್ಕ ನಮ್ಮಲ್ಲಿ ಹೊಂಟವ್ರಿಗೆ "ಎಲ್ಲಿಗೆ" ಅಂತ ಕೇಳಬಾರದು ಅಂತಾರ. ಕೆಲಸ ಕೆಡ್ತದಂತ. "ದೂರ ಹೊಂಟೀರೇನ್ರಿ?" ಅಂತ ಕೇಳಬೇಕು. ಅವ್ರು "ಇಲ್ಲೇ" ಅಂತಾರ. ಹೇಳಬೇಕನಿಸಿದ್ರ ಹೇಳ್ತಾರ, ಇಲ್ಲಾಂದ್ರ ಇಲ್ಲ. ಕೇಳಾಕೂ ಒಂದು ರೀತಿ ಐತಿ.

ತುಂಗಾ ತೀರ:
ನಮ್ಮ ಮನೇಲಿ ಇವತ್ತಿಗೂ ಇದೆ. ಎಲ್ಲಿಗೆ ಅಂದ್ರೆ ವಾಪಸ್ ಬಂದು ಕೂತು ನೀರು ಕುಡಿದು ಹೋಗ್ತಾರೆ.

ಸಂಗನಕಲ್ಲು:
ಎಲ್ಲರೂ ಬೈಗುಳದ ಬಗ್ಗೆಯೇ ಹೇಳ್ತಿದ್ದೀರಿ. ನಾನು ಬೇರೆ ಕಂಡೀನಿ, ಅದಕ್ಕೆ ಬರೀತಿದ್ದೀನಿ.

ಬಳ್ಳಾರಿ ಊರಿಗೆ ಹತ್ತಿಕೊಂಡೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳು ಐತಾವೆ. ಹೊಸ ಶಿಲಾಯುಗದ ಜನ ಇದ್ದ ಜಾಗ. ಅಲ್ಲಿ ಕೆಲವು ಕರೀ ಬಂಡೆಗಳನ್ನ ಸಣ್ಣ ಕಲ್ಲಿಂದ ಹೊಡೆದ್ರೆ ಠಣ್ ಅಂತ ಗಂಟೆ ಥರ ಸದ್ದು ಬರ್ತೈತೆ. ಪಕ್ಕದ ಬಂಡೆ ಹೊಡೆದ್ರೆ ಬರೀ ಟಕ್. ನಮ್ಮ ತಾತ ಕುರಿ ಮೇಸೋಕೆ ಅಲ್ಲಿಗೆ ಹೋಗ್ತಿದ್ರು. ನನಗೆ ಎಂಟು ವರ್ಷ ಇದ್ದಾಗ ಮೊದಲ ಸಲ ಕರ್ಕೊಂಡು ಹೋದ್ರು. ಯಾವ ಬಂಡೆ ಅಂತ ಹೇಳಲಿಲ್ಲ. ಕೈಗೆ ಒಂದು ಕಲ್ಲು ಕೊಟ್ಟು "ಪರಾಂಬರಿಸಿ ನೋಡು" ಅಂದ್ರು. ಮಧ್ಯಾಹ್ನ ಪೂರ್ತಿ ಒಂದೊಂದೇ ಬಂಡೆ ಹೊಡೀತಾ ಹೋದೆ. ಟಕ್, ಟಕ್, ಟಕ್. ಆಮೇಲೆ ಒಂದು ಠಣ್ ಅಂತು. ನೋಡಿದ್ರೆ ಅದರ ಮೈಮೇಲೆ ಬಟ್ಟಲು ಥರ ಸಣ್ಣ ಸಣ್ಣ ಗುಳಿ. ಬೆರಳಿಟ್ರೆ ನುಣ್ಣಗೆ. "ನಿನಗಿಂತ ಮೊದಲು ಬಾಳ ಮಂದಿ ಹೊಡೆದಾರೆ, ಅದಕ್ಕೆ ಹಂಗಾಗೈತೆ" ಅಂದ್ರು ತಾತ.

ಅವರು ಓದಿದವರಲ್ಲ. ಕುತೂಹಲ ಅನ್ನೋ ಶಬ್ದ ಅವರ ಬಾಯಲ್ಲಿ ಬಂದಿದ್ದೇ ಇಲ್ಲ. ಆದರೆ ಪರಾಂಬರಿಸಿ ನೋಡು, ಸೋಸಿ ನೋಡು, ಬಗೆದು ನೋಡು, ಇವೆಲ್ಲ ದಿನಾ ಹೇಳ್ತಿದ್ರು. ಹಂಗಾಗಿ ನಮ್ಮ ಕಡೆ ಈ ಗುಣಕ್ಕೆ ಶಬ್ದ ಇಲ್ಲ ಅಂದ್ರೆ ನಾನು ಒಪ್ಪಲ್ಲ. ಹೆಸರು ಇಲ್ಲದಿರಬಹುದು, ಮಾಡೋ ಕೆಲಸಕ್ಕೆ ಮಾತು ಬೇಕಾದಷ್ಟು ಐತೆ. ಆ ಗುಡ್ಡದ ಸುತ್ತ ಕಲ್ಲು ಗಣಿ ನಡೆದು ಎಷ್ಟೋ ಬಂಡೆ ಹೋದವು, ಅದು ಬೇರೆ ಸಂಕಟ.

ಹಳೇ ಪೇಪರ್:
ಇದು ನನಗೆ ಹೊಳೆದಿರಲಿಲ್ಲ. ಹೌದು, ಹಣಿಕಿ ನೋಡು, ಕೆದಕಿ ಕೇಳು, ತಡಕು, ಹುಡುಕು. ಎಲ್ಲಾ ಕ್ರಿಯೆಗಳೇ.

ನಿಘಂಟುಪ್ರಿಯ:
ಒಪ್ಪುತ್ತೇನೆ. ಆದರೆ ಹೆಸರಿಲ್ಲದ ಗುಣವನ್ನು ಶಾಲೆಯಲ್ಲಿ ಹೇಗೆ ಗುರುತಿಸುವುದು? ಜಿಜ್ಞಾಸೆ ಅನ್ನುವ ಒಳ್ಳೆಯ ಶಬ್ದವಿತ್ತು. ಜ್ಞಾ ಧಾತುವಿಗೆ ಬಯಕೆಯ ಅರ್ಥ ಸೇರಿ ಆದದ್ದು, ತಿಳಿಯಬೇಕೆಂಬ ಬಯಕೆ. ಈಗ "ಹೋಗುವುದೋ ಬೇಡವೋ ಎಂಬ ಜಿಜ್ಞಾಸೆ" ಅಂತ ಬಳಸಿ ಗೊಂದಲದ ಅರ್ಥಕ್ಕೆ ಇಳಿಸಿದ್ದೇವೆ.

ದೇಸಿ ಮಾತು:
ಜಿಜ್ಞಾಸೆ ಅಂತ ಆ ಅಮ್ಮಗ ಹೇಳಿದ್ರ ಹುಡುಗಿಗೆ ಏನೋ ರೋಗ ಬಂದೈತಿ ಅನ್ಕೊಂತಾಳ. ಸಾಲಿ ಕನ್ನಡ ಬ್ಯಾರೆ, ಮನಿ ಕನ್ನಡ ಬ್ಯಾರೆ ಮಾಡಿ ಇಟ್ಟಿದ್ದ ತಪ್ಪು. ಕವಿರಾಜಮಾರ್ಗ 9ನೇ ಶತಮಾನದ್ದು. ಕನ್ನಡದ ತಿರುಳು ಎಲ್ಲೈತಿ ಅಂತ ಹೇಳಬೇಕಾದ್ರ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತಿಗೆ ನಮ್ಮ ಕೊಪಣ ನಗರದ ಹೆಸರು ಹೇಳ್ಯಾರ. ಕೊಪಣ ಅಂದ್ರ ಇದ ಕೊಪ್ಪಳ. ಅಂಥಾ ನಾಡಿನ ಅಮ್ಮ ತನ್ನ ಮೊಮ್ಮಗಳ ಪ್ರಗತಿ ಪತ್ರ ಕೇಳಿ ತಿಳಕೊಳ್ಳಾಕ ಆಗವಲ್ದು.

ನಿಘಂಟುಪ್ರಿಯ:
ಈ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಬರವಣಿಗೆಯಲ್ಲಿ ಕುತೂಹಲಿ ಇರಲಿ, ಅದರ ಕೆಳಗೆ ಮನೆಮಾತಿನಲ್ಲಿ ಒಂದು ಸಾಲು ಇರಲಿ.

ತುಂಗಾ ತೀರ:
ಗಂಗಾವತಿಯವರೇ, ನಿಮ್ಮ ಊರಲ್ಲಿ ಒಗ್ಗರಣೆ ಮಿರ್ಚಿ ಈಗ ಎಲ್ಲಿ ಚೆನ್ನಾಗಿ ಸಿಗುತ್ತೆ? ವಿಷಯ ಬೇರೆ, ಕ್ಷಮಿಸಿ, ನಾಳೆ ಬರ್ತಿದ್ದೀನಿ.

ಬೆಂಗಳೂರಲ್ಲಿ ಗಂಗಾವತಿ:
ಮೆಸೇಜ್ ಮಾಡ್ತೀನಿ. ಬಂದವರು ಹಿರೇಬೆಣಕಲ್ ಗುಡ್ಡ ಹತ್ತಿ ಬನ್ನಿ. ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಗೋರಿಗಳು ಸಾಲು ಸಾಲು ಇವೆ. ಅಲ್ಲೂ ನಗಾರಿ ಆಕಾರದ ಒಂದು ದೊಡ್ಡ ಗುಂಡು ಇದೆ, ಹೊಡೆದರೆ ಸದ್ದು ಬರುತ್ತೆ. ಸಂಗನಕಲ್ಲು ಅವರ ಮಾತು ಓದಿ ನನಗೂ ಮತ್ತೆ ಹೋಗಬೇಕು ಅನಿಸ್ತಿದೆ.

ಕುಷ್ಟಗಿ ಅಕ್ಕೋರು:
ಎಲ್ಲರ ಮಾತೂ ಓದಿದೆ, ಎರಡೆರಡು ಸಲ ಓದಿದೆ. ಇವತ್ತು ಸಂಜಿಕ ಸಾಲಿ ಬಿಟ್ಟ ಮ್ಯಾಲ ಆ ಮನಿಗೆ ಹೋಗಿದ್ದೆ. ಆಯಿ ಕಟ್ಟಿಮ್ಯಾಲ ಕುಂತು ಜ್ವಾಳ ಹಸನು ಮಾಡಾಕತ್ತಿದ್ಲು. ಈ ಸಲ ನಾ ಶಬ್ದ ಹೇಳಲಿಲ್ಲ. "ನಿಮ್ಮ ಮೊಮ್ಮಗಳು ಮನ್ಯಾಗ ಏನೇನ್ ಕೇಳ್ತಾಳ ಹೇಳ್ರಮ್ಮಾ" ಅಂದೆ.

ಮೊದಲ ಅಂಜಿದ್ಲು. ಆಮ್ಯಾಲ ಜ್ವಾಳದ ಮೊರ ಬಾಜೂಕ ಸರಿಸಿ ಶುರು ಮಾಡಿದ್ಲು. "ಏನ್ ಕೇಳ್ತೀರಿ ಅಕ್ಕೋರ. ಸೇಂಗಾ ಹೊಲಕ್ಕ ಕರಕೊಂಡು ಹ್ವಾದ್ರ ಗಿಡ ಕಿತ್ತು ಕಿತ್ತು ನೋಡ್ತೈತಿ. ಹೂವು ಮ್ಯಾಲ ಬಿಡ್ತೈತಿ, ಕಾಯಿ ಮಣ್ಣಾಗ ಹ್ಯಾಂಗ ಹೋತು ಅಂತೈತಿ. ನನಗ ಅರವತ್ತು ವರ್ಷ ಆತು, ಹುಟ್ಟಿದಾಗಿಂದ ಸೇಂಗಾ ಕಿತ್ತೀನಿ, ನನಗ ಒಮ್ಮೀನೂ ಇದು ತಲ್ಯಾಗ ಬಂದಿಲ್ಲ ನೋಡ್ರಿ." ಹೇಳ್ತಾ ಹೇಳ್ತಾ ಆಕಿಗೇ ನಗು ಬಂತು. "ಎಲ್ಲಾಕೂ ಬುಡಾ ಹಿಡದು ಕೇಳ್ತೈತಿ" ಅಂದ್ಲು.

"ಇದನ್ನ ನಾ ಪತ್ರದಾಗ ಬರದದ್ದು" ಅಂದೆ. ನನ್ನ ಮುಖ ನೋಡಿದ್ಲು. "ಹಂಗಾರ ಹಂಗ ಬರೀಬೇಕಿಲ್ಲೇನ್ರಿ" ಅಂದ್ಲು. ಅಲ್ಲೇ ಕುಂತು ಹಳೇ ಶಬ್ದ ಹೊಡದು "ಕುತೂಹಲಿ. ಎಲ್ಲದಕ್ಕೂ ಬುಡ ಹಿಡಿದು ಕೇಳುತ್ತಾಳೆ" ಅಂತ ಬರದೆ. ಓದಿಸಿಕೊಂಡ್ಲು. ಇನ್ನೊಮ್ಮೆ ಓದ್ರಿ ಅಂದ್ಲು.

ಹುಡುಗಿ ಬಾಗಿಲ ಹಿಂದಿಂದ ಹಣಿಕಿ ನೋಡಾಕತ್ತಿತ್ತು. "ಟೀಚರ್, ಹಂಗಾರ ಕಾಯಿ ಮಣ್ಣಾಗ ಹ್ಯಾಂಗ ಹೋತು?" ಅಂತು. ಸೂಕ್ಷ್ಮ ನನಗೂ ಗೊತ್ತಿಲ್ಲ, ನಾಳೆ ಹೇಳ್ತೀನಿ ಅಂತ ಬಂದೀನಿ. ಸೇಂಗಾ ಬೆಳೆಯೂವವ್ರು ಯಾರಾದ್ರೂ ಸರಿಯಾಗಿ ಹೇಳ್ರಿ.

ಮಾನ್ವಿ ಮಾಸ್ತರ:
ಬುಡ ಹಿಡಿದು ಕೇಳೋದು! ನನ್ನ ಅಮರಕೋಶದ ಸಾಲಿಗಿಂತ ಇದು ತೂಕದ್ದು ಅದ, ತಂಗಿ.

ಬೆಳಗಾವಿ ಸೊಸೆ:
ಕಣ್ಣು ತುಂಬಿ ಬಂತು ಅಕ್ಕೋರ.

ಎಡದಂಡೆ ರೈತ:
ನಮ್ಮದು ಈಗ ಭತ್ತ, ಆದ್ರ ಅಪ್ಪನ ಕಾಲದಾಗ ಸೇಂಗಾನ ಬಿತ್ತತಿದ್ವಿ, ಹೇಳ್ತೀನಿ. ಬಿತ್ತಿ ಒಂದು ತಿಂಗಳಿಗೆ ಹಳದಿ ಹೂವು ಬಿಡ್ತದ. ಹೂವು ಬಾಡಿದ ಮ್ಯಾಲ ಅದರ ಬುಡದಿಂದ ಸೂಜಿಯಂಥಾ ಒಂದು ಕಡ್ಡಿ ಹೊಂಡ್ತದ. ಅದು ಮ್ಯಾಲ ಹೋಗಂಗಿಲ್ಲ, ತೆಳಗ ಬಾಗಿ ನೆಲಕ್ಕ ಇಳದು ಮಣ್ಣಾಗ ಚುಚ್ಚಿಕೊಂತದ. ಅದರ ತುದಿ ಮಣ್ಣಿನೊಳಗ ಉಬ್ಬಿ ಕಾಯಿ ಆಗ್ತದ. ನೆಲ ಗಟ್ಟಿ ಆದ್ರ ಇಳಿಯೂದಿಲ್ಲ, ಅದಕ್ಕ ಆ ಹೊತ್ತಿಗೆ ಮಣ್ಣು ಸಡಿಲ ಇರಬೇಕು. ಜಿಪ್ಸಂ ಹಾಕೋದೂ ಆಗ. ಕಾಯಿ ತನಗ ಬೇಕಾದ ಸುಣ್ಣದಂಶ ಮಣ್ಣಿನಿಂದ ತಾನ ನೇರ ಹೀರ್ತದ.

ಈಗ ಆಗಸ್ಟು. ಮುಂಗಾರು ಸೇಂಗಾ ಈಗ ಅದ ಹಂತದಾಗ ಇರ್ತದ. ನಾಳೆ ಹೊಲಕ್ಕ ಕರಕೊಂಡು ಹೋಗ್ರಿ. ಗಿಡ ಕೀಳಬ್ಯಾಡ ಅನ್ರಿ, ಕಾಯಿ ಕಟ್ಟೂದು ನಿಂತುಹೋಗ್ತದ. ಟೊಂಗಿ ಎತ್ತಿ, ಬೆರಳಿನಿಂದ ಮೆಲ್ಲಕ ಮಣ್ಣು ಸರಿಸಿ ನೋಡ್ಲಿ. ಅರ್ಧ ಇಳದ ಸೂಜಿ ಕಾಣ್ತದ.